ಕುಮಾರ ಗಂಧರ್ವ: ಅನುಕರಣೆಯಿಂದ ಸ್ವಂತ ದನಿಯವರೆಗೆ

ಹಿಂದುಸ್ತಾನಿ ಸಂಗೀತಕ್ಕೆ ಕನ್ನಡ ನಾಡು ಕೊಟ್ಟ ಗಾಯಕರ ಸಾಲು ದೊಡ್ಡದು. ಕುಂದಗೋಳದ ಸವಾಯಿ ಗಂಧರ್ವರು, ಮಲ್ಲಿಕಾರ್ಜುನ ಮನಸೂರರು, ಗಂಗೂಬಾಯಿ ಹಾನಗಲ್ಲರು, ಬಸವರಾಜ ರಾಜಗುರುಗಳು, ಭೀಮಸೇನ ಜೋಶಿಯವರು ಈ ಸಾಲಿನಲ್ಲಿ ತಟ್ಟನೆ ನೆನಪಾಗುವ ಹೆಸರುಗಳು. ಗುರುಗಳಿಂದ ಪಡೆದ ಪರಂಪರೆಯನ್ನು ಬಹುಮಟ್ಟಿಗೆ ಅದರ ಚೌಕಟ್ಟಿನೊಳಗೇ ಬೆಳೆಸಿ, ಬೆಳಗಿಸಿದವರು ಇವರು. ಇದೇ ನೆಲದಿಂದ ಹೊರಟು, ಇದೇ ಸಂಗೀತವನ್ನು ಹಾಡುತ್ತ, ಪರಂಪರೆಯ ಚೌಕಟ್ಟನ್ನೇ ಪ್ರಶ್ನಿಸಿದ ಗಾಯಕರು ಒಬ್ಬರಿದ್ದರು. ಅವರು ಕುಮಾರ ಗಂಧರ್ವರು. ಅವರನ್ನು ಕೆಲವರು ಕ್ರಾಂತಿಕಾರಿ ಎಂದರು, ಕೆಲವರು ದಾರಿ ತಪ್ಪಿದವರೆಂದರು. ಎರಡೂ ಮಾತುಗಳ ನಡುವೆ ಅವರು ಹಾಡಿದ್ದು ಒಂದೇ ಶ್ವಾಸಕೋಶದ ಬಲದಿಂದ. ಈ ಸಂಗತಿಯನ್ನು ಬಿಟ್ಟು ಅವರ ಗಾಯನವನ್ನು ಅರಿಯಲಾಗದು.

ಕುಮಾರ ಗಂಧರ್ವರು 1924ರ ಏಪ್ರಿಲ್ 8ರಂದು ಬೆಳಗಾವಿಗೆ ಸಮೀಪದ ಸುಳೇಭಾವಿಯಲ್ಲಿ ಜನಿಸಿದರು. ಹೆತ್ತವರು ಇಟ್ಟ ಹೆಸರು ಶಿವಪುತ್ರ. ತಂದೆ ಸಿದ್ಧರಾಮಯ್ಯ ಕೊಂಕಾಳಿಮಠರು. ಲಿಂಗಾಯತ ಸಂಸ್ಕಾರದ ಕನ್ನಡ ಮನೆತನ. ತಂದೆಗೆ ಸಂಗೀತದಲ್ಲಿ ಅಪಾರ ಒಲವು. ಆ ಕಾಲದ ಬೆಳಗಾವಿ-ಧಾರವಾಡ ಸೀಮೆಯಲ್ಲಿ ಸಂಗೀತವು ಕೇವಲ ಅರಮನೆಯ ಸೊತ್ತಾಗಿರಲಿಲ್ಲ. ನಾಟಕ ಕಂಪನಿಗಳು ಊರೂರಿಗೆ ರಂಗಗೀತೆಗಳನ್ನು ಹೊತ್ತು ತರುತ್ತಿದ್ದವು. ಮಠಗಳಲ್ಲಿ ಭಜನೆ ನಡೆಯುತ್ತಿತ್ತು. ಗ್ರಾಮಫೋನ್ ತಟ್ಟೆಗಳು ದೂರದ ಉಸ್ತಾದರ ದನಿಯನ್ನು ಹಳ್ಳಿಯ ಕಟ್ಟೆಗೂ ತಲುಪಿಸಿದ್ದವು.

ಬಾಲಕ ಶಿವಪುತ್ರನಿಗೆ ಯಾರೂ ಸ್ವರಪಾಠ ಹೇಳಿಕೊಟ್ಟಿರಲಿಲ್ಲ. ಆದರೂ ಏಳರ ಆಸುಪಾಸಿನ ವಯಸ್ಸಿನಲ್ಲೇ ಆತ ಕೇಳಿದ್ದನ್ನು ಕೇಳಿದಂತೆಯೇ ಹಾಡತೊಡಗಿದನು. ಸವಾಯಿ ಗಂಧರ್ವರ ಗಾಯನವನ್ನು ಕೇಳಿ ಬಂದು, ಅದನ್ನು ಅದೇ ಧಾಟಿಯಲ್ಲಿ ಒಪ್ಪಿಸಿದನೆಂಬುದು ಅವರ ಬಾಲ್ಯದ ಬಗೆಗೆ ಬಹಳವಾಗಿ ಹೇಳಲಾಗುವ ಸಂಗತಿ. ತಟ್ಟೆಯಲ್ಲಿ ಕೇಳಿದ ಹಿರಿಯರ ಹಾಡನ್ನು ಆಲಾಪ, ತಾನ್, ಒತ್ತು, ನಿಲುಗಡೆಗಳ ಸಮೇತ ಆ ಪುಟ್ಟ ಕಂಠ ಮರಳಿ ಕೊಡುತ್ತಿತ್ತು. ಈ ಅಚ್ಚರಿಯನ್ನು ಕಂಡ ಮಠಾಧೀಶರೊಬ್ಬರು ಬಾಲಕನಿಗೆ ಕುಮಾರ ಗಂಧರ್ವನೆಂಬ ಬಿರುದನ್ನಿತ್ತರು. ಬಿರುದೇ ಹೆಸರಾಯಿತು. ಶಿವಪುತ್ರನೆಂಬ ಹೆಸರು ಹಿಂದೆ ಸರಿಯಿತು.

ತಂದೆಯ ಮುಂದಾಳತ್ವದಲ್ಲಿ ಬಾಲಗಾಯಕನ ಕಛೇರಿಗಳು ಊರಿಂದೂರಿಗೆ ನಡೆದವು. 1935ರಲ್ಲಿ ಅಲಹಾಬಾದಿನ ಸಂಗೀತ ಸಮ್ಮೇಳನದಲ್ಲಿ ಹನ್ನೊಂದರ ಹರೆಯದ ಈ ಹುಡುಗ ಹಾಡಿದಾಗ ನೆರೆದಿದ್ದ ವಿದ್ವಾಂಸರು ಬೆರಗಾದರು. ಭಾರತದ ದೊಡ್ಡ ನಗರಗಳಲ್ಲಿ ಅವನ ಹೆಸರು ಮಾತಾಯಿತು. ಆದರೆ ಈ ಯಶಸ್ಸಿನ ಒಳಗೊಂದು ಟೊಳ್ಳು ಇತ್ತು. ಹುಡುಗ ಹಾಡುತ್ತಿದ್ದುದು ಇತರರ ಸಂಗೀತ. ಅದರ ವ್ಯಾಕರಣ ಅವನಿಗೆ ತಿಳಿದಿರಲಿಲ್ಲ. ಒಂದು ಪದ್ಯವನ್ನು ತಪ್ಪಿಲ್ಲದೆ ಕಂಠಪಾಠ ಒಪ್ಪಿಸಿದ ಮಾತ್ರಕ್ಕೆ ಪದ್ಯ ನಮ್ಮದಾಗುವುದಿಲ್ಲವೆಂಬುದು ಕಾವ್ಯದ ವಿದ್ಯಾರ್ಥಿಗಳಾದ ನಮಗೆ ತಿಳಿದ ವಿಷಯವೇ. ಬಾಲ್ಯದ ಪವಾಡಗಳು ಬಹುಮಟ್ಟಿಗೆ ಬಾಲ್ಯದೊಡನೆಯೇ ಮುಗಿದು ಹೋಗುತ್ತವೆ. ಈ ಪವಾಡ ಹಾಗೆ ಮುಗಿಯದಂತೆ ನೋಡಿಕೊಂಡವರು ಒಬ್ಬ ಗುರುಗಳು.

ಮುಂಬಯಿಯಲ್ಲಿ ಸಂಗೀತ ಶಾಲೆ ನಡೆಸುತ್ತಿದ್ದ ಪ್ರೊ. ಬಿ. ಆರ್. ದೇವಧರರು 1936ರಲ್ಲಿ ಬಾಲಕನನ್ನು ತಮ್ಮಲ್ಲಿಗೆ ಕರೆದುಕೊಂಡರು. ದೇವಧರರು ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರು; ಪಾಶ್ಚಾತ್ಯ ಸಂಗೀತವನ್ನೂ ಅಭ್ಯಸಿಸಿದವರು. ಹಿಂದುಸ್ತಾನಿ ಸಂಗೀತದಲ್ಲಿ ಘರಾನಾ ಎಂದರೆ ಗುರುಮನೆತನ. ಒಂದು ಘರಾನಾದ ಶಿಷ್ಯ ಇನ್ನೊಂದರ ರೀತಿಯನ್ನು ಮುಟ್ಟಬಾರದೆಂಬ ಕಟ್ಟುಪಾಡು ಆಗ ಪ್ರಬಲವಾಗಿತ್ತು. ದೇವಧರರು ಆ ಬೇಲಿಯನ್ನು ಒಪ್ಪಿದವರಲ್ಲ. ಯಾವ ಘರಾನಾದಲ್ಲಿ ಒಳ್ಳೆಯದಿದ್ದರೂ ಅದನ್ನು ಅರಿಯಬೇಕು, ಏಕೆ ಒಳ್ಳೆಯದೆಂದು ವಿಚಾರಿಸಬೇಕು ಎಂಬುದು ಅವರ ಶಿಕ್ಷಣದ ನೆಲೆ. ಹುಡುಗ ಇಲ್ಲಿ ರಾಗಗಳ ಶಾಸ್ತ್ರವನ್ನೂ ಬಂದಿಶ್‌ಗಳ, ಎಂದರೆ ರಾಗಬದ್ಧ ಚೀಜುಗಳ, ಸಂಗ್ರಹವನ್ನೂ ಪಡೆದನು. ಹಿರಿಯ ಗಾಯಕಿ ಅಂಜನಿಬಾಯಿ ಮಾಲ್ಪೇಕರರ ಮಾರ್ಗದರ್ಶನವೂ ದೊರೆಯಿತು. ಇಪ್ಪತ್ತರ ಹೊತ್ತಿಗೆ ಅದೇ ಶಾಲೆಯಲ್ಲಿ ಪಾಠ ಹೇಳುವಷ್ಟು ಬೆಳೆದ ಕುಮಾರರು, ಹಾಡುವವನು ಯೋಚಿಸಬೇಕೆಂಬುದನ್ನು ಗುರುವಿನಿಂದ ಕಲಿತಿದ್ದರು.

ಶಾಲೆಯಲ್ಲಿ ಸಂಗೀತ ಕಲಿಯುತ್ತಿದ್ದ ಭಾನುಮತಿಯವರನ್ನು ಅವರು 1947ರಲ್ಲಿ ವಿವಾಹವಾದರು. ಸುಖದ ದಿನಗಳು ಹೆಚ್ಚು ಕಾಲ ನಿಲ್ಲಲಿಲ್ಲ. ಕುಮಾರರಿಗೆ ಕ್ಷಯರೋಗ ತಗುಲಿರುವುದು ತಿಳಿಯಿತು. ಅಂದು ಕ್ಷಯವೆಂದರೆ ಸಾವಿನ ಇನ್ನೊಂದು ಹೆಸರು. ಒಣಹವೆಯಿರುವ ಕಡೆ ಇರಬೇಕೆಂಬ ಸಲಹೆಯ ಮೇರೆಗೆ ದಂಪತಿಗಳು 1948ರ ಜನವರಿಯಲ್ಲಿ ಮುಂಬಯಿಯನ್ನು ಬಿಟ್ಟು ಇಂದೋರಿಗೆ ಸಮೀಪದ ದೇವಾಸಕ್ಕೆ ತೆರಳಿದರು. ಮಾಳವ ಪ್ರದೇಶದ ಸಣ್ಣ ಊರದು. ಉಸ್ತಾದ್ ರಜಬ್ ಅಲಿ ಖಾನರಂತಹ ಗಾಯಕರಿದ್ದ ಸಂಗೀತದ ಊರೂ ಹೌದು. ಆದರೆ ಬಂದ ಅತಿಥಿಗೆ ಹಾಡುವುದಿರಲಿ, ಗಟ್ಟಿಯಾಗಿ ಮಾತಾಡುವುದೂ ನಿಷಿದ್ಧವಾಗಿತ್ತು.

ಐದು ವರ್ಷಗಳ ಕಾಲ ಕುಮಾರರು ಹಾಸಿಗೆ ಹಿಡಿದು ಮಲಗಿದರು. ಇಪ್ಪತ್ನಾಲ್ಕರ ಹರೆಯದಲ್ಲಿ, ಕೀರ್ತಿಯ ಹೊಸ್ತಿಲಲ್ಲಿ, ಗಾಯಕನಿಗೆ ಕಂಠವನ್ನು ಬಳಸಬಾರದೆಂಬ ಅಪ್ಪಣೆ. ಇದಕ್ಕಿಂತ ಕಠಿಣವಾದ ಶಿಕ್ಷೆಯನ್ನು ಊಹಿಸುವುದು ಕಷ್ಟ. ಭಾನುಮತಿಯವರು ಶಾಲೆಯಲ್ಲಿ ಶಿಕ್ಷಕಿಯಾಗಿ ದುಡಿದು ಸಂಸಾರ ನಡೆಸಿದರು. ಹಗಲು ಕೆಲಸ, ಉಳಿದ ಹೊತ್ತು ರೋಗಿಯ ಶುಶ್ರೂಷೆ. ಸ್ವತಃ ಗಾಯಕಿಯಾಗಿದ್ದ ಅವರು ತಮ್ಮ ಕಛೇರಿಯ ಕನಸನ್ನು ಬದಿಗಿಟ್ಟರು. ಕುಮಾರ ಗಂಧರ್ವರ ಚರಿತ್ರೆಯಲ್ಲಿ ಈ ತ್ಯಾಗಕ್ಕೆ ಒಂದೆರಡು ಸಾಲುಗಳಷ್ಟೇ ದೊರೆಯುವುದುಂಟು. ಆದರೆ ಆ ದುಡಿಮೆ ಇಲ್ಲದಿದ್ದರೆ ಮುಂದಿನ ಚರಿತ್ರೆಯೇ ಇರುತ್ತಿರಲಿಲ್ಲ.

ಹಾಡಲಾಗದ ಗಾಯಕನಿಗೆ ಉಳಿದದ್ದು ಕಿವಿ ಮಾತ್ರ. ಹಾಸಿಗೆಯಲ್ಲಿ ಮಲಗಿದವರ ಕಿವಿಗೆ ಕಿಟಕಿಯಾಚೆಯ ಲೋಕ ಬಂದು ಬೀಳುತ್ತಿತ್ತು. ಹಕ್ಕಿಗಳ ಕೂಗು, ಗಾಳಿ, ಮಾಳವದ ಹೆಂಗಸರು ಹಬ್ಬಕ್ಕೆ, ಮದುವೆಗೆ, ಮಳೆಗೆ ಹಾಡುವ ಪದಗಳು, ಅಲೆಮಾರಿ ಜೋಗಿಗಳ ಭಜನೆ. ಬಾಲ್ಯದಲ್ಲಿ ಕೇಳಿದ ಕೂಡಲೇ ಹಾಡಿಬಿಡುತ್ತಿದ್ದವರು ಈಗ ಕೇಳಿದ್ದನ್ನು ಹಾಡದೆ ಒಳಗೇ ಇಟ್ಟುಕೊಂಡು ಯೋಚಿಸಬೇಕಾಯಿತು. ಜನಪದ ಧಾಟಿಯೊಂದರಲ್ಲಿ ಬಳಕೆಯಾಗುವುದು ಮೂರು, ನಾಲ್ಕು, ಹೆಚ್ಚೆಂದರೆ ಐದು ಸ್ವರ. ಅಷ್ಟರಲ್ಲೇ ಒಂದು ಭಾವ ಪೂರ್ಣವಾಗಿ ನಿಲ್ಲುತ್ತದೆ. ಇದು ಹೇಗೆ ಸಾಧ್ಯವೆಂದು ಅವರು ವಿಚಾರಿಸಿದರು. ರಾಗಗಳು ಪಂಡಿತರ ಪುಸ್ತಕದಲ್ಲಿ ಹುಟ್ಟಿದವಲ್ಲ, ಇಂತಹ ಧಾಟಿಗಳಿಂದಲೇ ಬೆಳೆದು ಬಂದವು ಎಂಬ ನಿಲುವಿಗೆ ಅವರು ತಲುಪಿದರು. ಚೇತರಿಸಿಕೊಂಡ ಮೇಲೆ ಭಾನುಮತಿಯವರ ನೆರವಿನಿಂದ ಮಾಳವದ ನೂರಾರು ಹಾಡುಗಳನ್ನು ಸಂಗ್ರಹಿಸಿ, ಸ್ವರಲಿಪಿಗೆ ಇಳಿಸಿದರು.

ಆ ವರ್ಷಗಳಲ್ಲಿ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಎಂಬ ಹೊಸ ಔಷಧ ಭಾರತದಲ್ಲಿ ದೊರೆಯತೊಡಗಿತ್ತು. ಅದು ಕುಮಾರರನ್ನು ಬದುಕಿಸಿತು. ಆದರೆ ಒಂದು ಶ್ವಾಸಕೋಶ ಬಹುಪಾಲು ನಿಷ್ಪ್ರಯೋಜಕವಾಗಿತ್ತು. 1953ರ ಹೊತ್ತಿಗೆ ಅವರು ಮತ್ತೆ ಶ್ರೋತೃಗಳೆದುರು ಕುಳಿತಾಗ ಹಳೆಯ ಕಂಠವಿರಲಿಲ್ಲ. ಖ್ಯಾಲ್ ಗಾಯನದಲ್ಲಿ ದೀರ್ಘವಾದ ಉಸಿರು ಗಾಯಕನ ದೊಡ್ಡ ಬಂಡವಾಳ. ನಿಧಾನಗತಿಯಲ್ಲಿ ಸ್ವರದಿಂದ ಸ್ವರಕ್ಕೆ ಬೆಳೆಸುವ ವಿಸ್ತಾರ, ಒಂದೇ ಉಸಿರಿನಲ್ಲಿ ಮೂರು ಸಪ್ತಕಗಳನ್ನು ಸುತ್ತಿ ಬರುವ ತಾನ್ ಇವೆಲ್ಲಕ್ಕೂ ಉಸಿರು ಬೇಕು. ಆ ಬಂಡವಾಳ ಕುಮಾರರಲ್ಲಿ ಅರ್ಧವಾಗಿ ಹೋಗಿತ್ತು.

ಇಲ್ಲಿಂದ ಮುಂದಿನದು ಅವರ ನಿಜವಾದ ಸಾಧನೆ. ಇಲ್ಲದ ಉಸಿರನ್ನು ಇದೆಯೆಂದು ತೋರಿಸಲು ಅವರು ಹೆಣಗಲಿಲ್ಲ. ಇರುವ ಉಸಿರಿಗೆ ತಕ್ಕ ವಾಕ್ಯವನ್ನು ಕಟ್ಟಿದರು. ಅವರ ಸ್ವರಗುಚ್ಛಗಳು ಚಿಕ್ಕವಾದವು. ತಾನುಗಳು ಮಿಂಚಿನಂತೆ ಬಂದು ನಿಂತುಬಿಡುವವಾದವು. ಎರಡು ವಾಕ್ಯಗಳ ನಡುವಣ ಮೌನ ಹಾಡಿನ ಅಂಗವಾಯಿತು. ಒಂದು ಸ್ವರವನ್ನು ಗಟ್ಟಿಯಾಗಿ ಎಸೆದು, ಮರುಕ್ಷಣವೇ ಪಿಸುದನಿಗೆ ಇಳಿಯುವ ಏರುಪೇರು ಅವರ ಗಾಯನದ ಗುರುತಾಯಿತು. ಮೌನವನ್ನೂ ಹಾಡಬೇಕಾದವರಿಗೆ ಶ್ರುತಿ ಅಪ್ಪಟವಾಗಿರಬೇಕು. ಹಾಡು ನಿಂತಾಗ ಕೇಳಿಸುವುದು ತಂಬೂರಿಯ ನಾದವೇ ತಾನೆ? ಆದ್ದರಿಂದಲೇ ತಂಬೂರಿಗಳನ್ನು ಕೂಡಿಸುವುದಕ್ಕೆ ಅವರು ತೆಗೆದುಕೊಳ್ಳುತ್ತಿದ್ದ ಹೊತ್ತು, ಪಡುತ್ತಿದ್ದ ಶ್ರಮ ಸಂಗೀತಗಾರರ ನಡುವೆ ಹೆಸರಾಗಿತ್ತು. ತಬಲಾದಲ್ಲಿ ಅವರೊಡನೆ ದೀರ್ಘಕಾಲ ಕುಳಿತ ವಸಂತ ಆಚ್ರೇಕರರು ಆಡಂಬರವಿಲ್ಲದ ಠೇಕಾದಿಂದ ಈ ಮೌನಕ್ಕೆ ಎಡೆಗೊಟ್ಟರು.

ಜನಪದ ಧಾಟಿಗಳಿಂದ ಅವರು ಹೊಸ ರಾಗಗಳನ್ನೂ ರೂಪಿಸಿದರು. ಧುನ್ ಎಂದರೆ ಧಾಟಿ. ಅದರಿಂದ ಉಗಮಿಸಿದವು ಎಂಬ ಅರ್ಥದಲ್ಲಿ ಇವನ್ನು ಧುನ್-ಉಗಮ್ ರಾಗಗಳೆಂದು ಕರೆದರು. ಮಧುಸುರಜಾ, ಅಹಿಮೋಹಿನಿ, ಸಹೇಲಿ ತೋಡಿ, ಲಗನ್ ಗಾಂಧಾರ, ಮಾಲವತಿ ಇವು ಕೆಲವು ಹೆಸರುಗಳು. ಅಹಿಮೋಹಿನಿಯ ಹಿಂದಿರುವುದು ಹಾವಾಡಿಗರ ಧಾಟಿ. ಗಾಂಧೀಜಿಯವರ ಜನ್ಮಶತಾಬ್ದಿಯ ಸಂದರ್ಭದಲ್ಲಿ ಗಾಂಧಿ ಮಲ್ಹಾರವನ್ನು ರಚಿಸಿದರು. ತಮ್ಮ ರಾಗಗಳನ್ನೂ ಬಂದಿಶ್‌ಗಳನ್ನೂ ಕೂಡಿಸಿ 1965ರಲ್ಲಿ ಅನೂಪರಾಗವಿಲಾಸ ಎಂಬ ಗ್ರಂಥವನ್ನು ಪ್ರಕಟಿಸಿದರು. ಈ ಬಂದಿಶ್‌ಗಳಲ್ಲಿ ಹಲವು ಮಾಳವಿ ಬಾಗಿನ ನುಡಿಯಲ್ಲಿವೆ. ಕನ್ನಡದ ಮನೆಯಲ್ಲಿ ಹುಟ್ಟಿ, ಮರಾಠಿಯ ನಗರದಲ್ಲಿ ಕಲಿತು, ಮಾಳವಿಯಲ್ಲಿ ಪದ ಕಟ್ಟಿದ ಗಾಯಕರು ಇವರು.

ಕನ್ನಡ ಸಾಹಿತ್ಯವನ್ನು ಓದುವವರಿಗೆ ಇದಕ್ಕೊಂದು ಸಮಾನಾಂತರ ಥಟ್ಟನೆ ಹೊಳೆಯುತ್ತದೆ. ಬೇಂದ್ರೆಯವರು ಧಾರವಾಡದ ಆಡುನುಡಿಯನ್ನೂ ಲಾವಣಿ, ಜನಪದ ಗೀತಗಳ ಲಯವನ್ನೂ ಹೊಸಗನ್ನಡ ಕಾವ್ಯಕ್ಕೆ ತಂದರು. ಅದು ಜನಪದದ ನಕಲಾಗಿರಲಿಲ್ಲ. ಜನಪದದ ಬೀಜದಿಂದ ಬೆಳೆದ ಹೊಸ ಕಾವ್ಯವಾಗಿತ್ತು. ಕುಮಾರರು ರಾಗದಲ್ಲಿ ಮಾಡಿದ್ದು ಇಂತಹದೇ ಕೆಲಸ. ಇಬ್ಬರಲ್ಲೂ ಹೊಸತು ಬಂದದ್ದು ಹಳೆಯದನ್ನು ತೊರೆದುದರಿಂದಲ್ಲ, ಅದಕ್ಕಿಂತಲೂ ಹಳೆಯದಾದ ಒಂದು ಬೇರನ್ನು ಮುಟ್ಟಿದುದರಿಂದ.

ಕುಮಾರ ಗಂಧರ್ವರನ್ನು ಸಾಮಾನ್ಯ ಜನರ ಬಳಿಗೆ ಒಯ್ದದ್ದು ಅವರ ನಿರ್ಗುಣ ಭಜನೆಗಳು. ದೇವಾಸವು ನಾಥಪಂಥದ ಶೀಲನಾಥ ಮಹಾರಾಜರ ಧುನಿಯಿರುವ ಊರು. ಅಲ್ಲಿನ ಜೋಗಿಗಳು ಕಬೀರ, ಗೋರಖನಾಥರ ಪದಗಳನ್ನು ಹಾಡುವ ರೀತಿ ಕುಮಾರರನ್ನು ಸೆಳೆಯಿತು. ಆ ಹಾಡಿಕೆಯಲ್ಲಿ ಗೋಗರೆತವಿಲ್ಲ, ಅಲಂಕಾರವಿಲ್ಲ. ಯಾರನ್ನೂ ಮೆಚ್ಚಿಸುವ ಗೊಡವೆಯಿಲ್ಲದ ಒಂಟಿ ದನಿಯೊಂದು ಬಯಲಿಗೆ ಹಾಡಿಕೊಂಡಂತೆ ಇರುತ್ತದೆ. ಆ ಒಂಟಿತನವನ್ನು ಅವರು ಕಛೇರಿಯ ವೇದಿಕೆಗೆ ತಂದರು. ಭಜನೆಯೆಂದರೆ ಕಛೇರಿಯ ಕೊನೆಗೆ ಹಾಡುವ ಹಗುರ ಪದವೆಂಬ ರೂಢಿಯನ್ನು ಬದಲಿಸಿದರು.

ಚಾಮರಸನ ಪ್ರಭುಲಿಂಗಲೀಲೆಯನ್ನು ಓದಿದವರಿಗೆ ಗೋರಕ್ಷನು ಪರಕೀಯನಲ್ಲ. ಅಲ್ಲಮನು ಖಡ್ಗದಿಂದ ಹೊಡೆದಾಗ ಗೋರಕ್ಷನ ವಜ್ರಕಾಯ ಖಣಿಲೆಂದು ದನಿಗೊಡುತ್ತದೆ. ಗೋರಕ್ಷನು ಬೀಸಿದ ಖಡ್ಗವೋ ಅಲ್ಲಮನಲ್ಲಿ ಬಯಲನ್ನು ಹಾಯ್ದಂತೆ ಹಾಯ್ದುಹೋಗುತ್ತದೆ. ಕನ್ನಡದ ಶರಣ ಪರಂಪರೆಯೂ ಉತ್ತರದ ನಾಥ ಪರಂಪರೆಯೂ ಪರಸ್ಪರ ಎದುರಾದ ಗುರುತು ಆ ಪ್ರಸಂಗದಲ್ಲಿದೆ. ಲಿಂಗಾಯತ ಮನೆತನದಿಂದ ಹೋದ ಗಾಯಕರೊಬ್ಬರು ಮಾಳವದಲ್ಲಿ ನಾಥರ ಶೂನ್ಯವನ್ನು ಹಾಡಿದುದನ್ನು ಕೇಳುವಾಗ ಈ ಪ್ರಸಂಗ ನೆನಪಾಗದೆ ಇರದು.

ಅವರಿಗೆ ಎದುರಾದ ಟೀಕೆಯೂ ಸಣ್ಣದಲ್ಲ. ವಿಲಂಬಿತದ ತಾಳ್ಮೆಯಿಲ್ಲ, ರಾಗವನ್ನು ತುಂಡು ತುಂಡಾಗಿ ಹಾಡುತ್ತಾರೆ, ಯಾವ ಘರಾನಾಕ್ಕೂ ಸೇರಿದವರಲ್ಲ ಎಂದು ಸಂಪ್ರದಾಯನಿಷ್ಠರು ಆಕ್ಷೇಪಿಸಿದರು. ಈ ಆಕ್ಷೇಪದಲ್ಲಿ ಸತ್ಯದ ಅಂಶವಿಲ್ಲವೆನ್ನಲಾಗದು. ರಾಗವನ್ನು ಮೆಟ್ಟಿಲು ಮೆಟ್ಟಿಲಾಗಿ ಏರುವ ಸುಖವನ್ನು ಬಯಸಿ ಬಂದವರಿಗೆ ಅವರ ಗಾಯನ ಒದಗುತ್ತಿರಲಿಲ್ಲ. ಆದರೆ ಪರಂಪರೆಯ ಬಗೆಗೆ ಅವರಿಗೆ ಅಗೌರವವಿತ್ತೆಂಬುದು ಮಾತ್ರ ನಿಜವಲ್ಲ. ಗೀತ ವರ್ಷಾ, ಗೀತ ಹೇಮಂತ, ಗೀತ ವಸಂತ ಎಂಬ ಋತುಗಳ ಕಾರ್ಯಕ್ರಮಗಳಲ್ಲಿ ಹಳೆಯ ಬಂದಿಶ್‌ಗಳನ್ನೂ ಜನಪದ ಗೀತಗಳನ್ನೂ ತಮ್ಮ ರಚನೆಗಳನ್ನೂ ಒಟ್ಟಿಗೆ ಇರಿಸಿದರು. ಕಬೀರ, ಸೂರದಾಸ, ಮೀರಾ ಮೂವರನ್ನು ತ್ರಿವೇಣಿಯಾಗಿ ಹಾಡಿದರು. ಮರಾಠಿ ರಂಗಭೂಮಿಯ ಬಾಲಗಂಧರ್ವರ ನಾಟ್ಯಗೀತೆಗಳನ್ನು ತಮಗೆ ಕಂಡಂತೆ ಹಾಡುವ ಕಾರ್ಯಕ್ರಮವನ್ನೇ ರೂಪಿಸಿದರು. ಬಾಲ್ಯದಲ್ಲಿ ಹಿರಿಯರನ್ನು ಯಥಾವತ್ತಾಗಿ ಅನುಕರಿಸಿದ ಅದೇ ಕಂಠ, ಈಗ ಹಿರಿಯರೊಬ್ಬರ ಹಾಡನ್ನು ಹಾಡುತ್ತಲೇ ತನ್ನತನವನ್ನು ಉಳಿಸಿಕೊಂಡಿತು. ಎರಡರ ನಡುವಣ ಅಂತರವೇ ಅವರ ಜೀವನದ ದಾರಿ.

1961ರಲ್ಲಿ ಎರಡನೆಯ ಮಗುವಿನ ಹೆರಿಗೆಯ ವೇಳೆ ಭಾನುಮತಿಯವರು ತೀರಿಕೊಂಡರು. ಸಾವಿನ ಬಾಯಿಂದ ಪತಿಯನ್ನು ಮರಳಿ ತಂದವರು ಪತಿಯ ಕೀರ್ತಿಯ ಪೂರ್ಣ ಉದಯವನ್ನು ಕಾಣದೆ ಹೋದರು. ದೇವಾಸದ ಮಾತಾಜಿಯ ಬೆಟ್ಟದ ತಪ್ಪಲಿನಲ್ಲಿರುವ ಕುಮಾರರ ಮನೆ ಭಾನುಕುಲವೆಂಬ ಹೆಸರಿನಲ್ಲಿ ಅವರ ನೆನಪನ್ನು ಉಳಿಸಿಕೊಂಡಿದೆ. ಮರುವರ್ಷ ಕುಮಾರರು ವಸುಂಧರಾ ಅವರನ್ನು ವಿವಾಹವಾದರು. ದೇವಧರರ ಶಾಲೆಯಲ್ಲೇ ಕಲಿತ ಅವರು ಮುಂದೆ ಕುಮಾರರೊಡನೆ ವೇದಿಕೆಯ ಮೇಲೆ ಕುಳಿತು ಭಜನೆಗಳಿಗೆ ದನಿಗೂಡಿಸಿದರು. ಸ್ವತಂತ್ರ ಗಾಯಕಿಯಾಗಿಯೂ ಹೆಸರಾದರು. ಮಗಳು ಕಲಾಪಿನಿ ಕೋಮಕಲಿಯವರು ಗಾಯಕಿ. ಹಿರಿಯ ಮಗ ಮುಕುಲರೂ ಗಾಯಕರು. ಮುಕುಲ ಶಿವಪುತ್ರ ಎಂಬ ಹೆಸರಿನಲ್ಲಿ ಅವರು ಪ್ರಸಿದ್ಧರು. ಸುಳೇಭಾವಿಯಲ್ಲಿ ಇಟ್ಟು, ಏಳರ ವಯಸ್ಸಿನಲ್ಲಿ ಹಿಂದೆ ಸರಿದ ಹೆಸರು ಮಗನ ಹೆಸರಿನ ಜೊತೆಯಲ್ಲಿ ಹೀಗೆ ಮರಳಿ ಬಂತು.

1977ರಲ್ಲಿ ಪದ್ಮಭೂಷಣ, 1990ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಕುಮಾರ ಗಂಧರ್ವರಿಗೆ ಸಂದವು. 1992ರ ಜನವರಿ 12ರಂದು ದೇವಾಸದಲ್ಲಿ ಅವರು ಕೊನೆಯುಸಿರೆಳೆದರು. ವಯಸ್ಸು ಅರವತ್ತೇಳು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮಲ್ಲಿಕಾರ್ಜುನ ಮನಸೂರರೂ ಅಗಲಿದರು. ಕನ್ನಡ ನಾಡು ಹಿಂದುಸ್ತಾನಿ ಸಂಗೀತಕ್ಕೆ ಕೊಟ್ಟ ಎರಡು ದೊಡ್ಡ ದನಿಗಳು, ಒಂದು ಪರಂಪರೆಯನ್ನು ಕೊನೆಯತನಕ ಕಾಯ್ದದ್ದು, ಇನ್ನೊಂದು ಪರಂಪರೆಯ ಬೇರನ್ನು ಹುಡುಕಿದ್ದು, ಒಂದೇ ವರ್ಷದಲ್ಲಿ ಮೌನವಾದವು.

ಗಡಿಯ ಈಚೆಗೆ ಕುಳಿತು ಕನ್ನಡವನ್ನು ಐಚ್ಛಿಕವಾಗಿ ಓದುತ್ತಿರುವ ನಮಗೆ ಈ ಜೀವನದಲ್ಲಿ ಗಮನಿಸಬೇಕಾದುದು ಬಹಳವಿದೆ. ತುಂಗಭದ್ರೆಯ ಆ ದಡ ಕನ್ನಡ ರಾಜ್ಯ, ಈ ದಡ ತೆಲುಗು ರಾಜ್ಯ. ಮನೆಯ ಮಾತೊಂದು, ಸಂತೆಯ ಮಾತೊಂದು. ಎರಡು ಭಾಷೆಗಳ ನಡುವೆ ಇರುವುದನ್ನು ಕೊರತೆಯೆಂದು ಭಾವಿಸುವವರೇ ನಮ್ಮಲ್ಲಿ ಹೆಚ್ಚು. ಕುಮಾರರು ತಮ್ಮದಲ್ಲದ ಊರಿನಲ್ಲಿ, ತಮ್ಮದಲ್ಲದ ನುಡಿಯಲ್ಲಿ, ಕಿವಿಯನ್ನು ತೆರೆದಿಟ್ಟುಕೊಂಡು ತಮ್ಮದಾದುದನ್ನು ಕಂಡುಕೊಂಡರು. ಮಂತ್ರಾಲಯ, ಆದೋನಿ, ರಾಯಚೂರು ಸೀಮೆಯ ಹಳ್ಳಿಗಳಲ್ಲಿ ದಾಸರ ಪದ, ಕನ್ನಡದ ತತ್ವಪದ, ತೆಲುಗಿನ ತತ್ವ ಇವುಗಳನ್ನು ಏಕತಾರಿ, ತಾಳಗಳೊಡನೆ ಹಾಡುವ ಹಿರಿಯರು ಇನ್ನೂ ಇದ್ದಾರೆ. ಅವರ ಭಜನೆಗೆ ನಾವು ಹೋಗುವುದು ಅಪರೂಪ. ಹೋದರೂ ಪೂರ್ತಿ ಕುಳಿತು ಕೇಳುವುದು ಇನ್ನೂ ಅಪರೂಪ. ಮುಂದಿನ ಅಮಾವಾಸ್ಯೆಯ ಭಜನೆಗೆ ನಮ್ಮ ವಿಭಾಗದ ವಿದ್ಯಾರ್ಥಿಗಳು ಒಂದು ನೋಟುಪುಸ್ತಕ ಹಿಡಿದು ಹೋಗಲಿ. ಪದವನ್ನು ಬರೆದುಕೊಳ್ಳಲಿ, ಯಾವ ಧಾಟಿಯೆಂದು ಹಾಡುವವರನ್ನೇ ಕೇಳಲಿ. ದೇವಾಸದ ಹಾಸಿಗೆಯಲ್ಲಿ ಆರಂಭವಾದದ್ದು ಅಂತಹ ಕೆಲಸವೇ.